ವೃತ್ತವೂ ಅಭಿಮತವೂ: ಎರಡು ಭಾಷೆಗಳ ನಡುವಣ ವಾರ್ತಾಲೇಖನ

೧

ಕನ್ನಡದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಹೆಸರು ವೃತ್ತಪತ್ರಿಕೆ. ವೃತ್ತವೆಂದರೆ ನಡೆದದ್ದು, ಸಂಭವಿಸಿದ್ದು. ಮೈಸೂರು ಸೀಮೆಯವರು ಇದನ್ನು ವೃತ್ತಾಂತವೆಂದರು. ಕರಾವಳಿಯವರು ವರ್ತಮಾನವೆಂದೂ ಸಮಾಚಾರವೆಂದೂ ಕರೆದರು. ಮರಾಠಿಯ ನೆರೆಯಲ್ಲಿದ್ದ ಧಾರವಾಡ, ಬೆಳಗಾವಿಗಳವರು ಬಾತಮಿಯೆಂದರು, ಅದನ್ನು ಬರೆದು ಕಳುಹುವವನನ್ನು ಬಾತಮೀದಾರನೆಂದರು. ಜನರ ಬಾಯಲ್ಲಿ ನೆಲೆನಿಂತ ‘ಸುದ್ದಿ’ಯನ್ನು ಸಂಸ್ಕೃತದ ‘ಶುದ್ಧಿ’ಯ ತದ್ಭವವೆಂದು ನಿಘಂಟುಕಾರರು ಹೇಳುತ್ತಾರೆ. ಈ ಮಾತುಗಳಲ್ಲಿ ಯಾವುದರ ಅರ್ಥದಲ್ಲಿಯೂ ಹೇಳುವವನ ಮೆಚ್ಚುಗೆಗಾಗಲಿ ಸಿಟ್ಟಿಗಾಗಲಿ ಎಡೆಯಿಲ್ಲ. ಆದರೆ ಹೆಸರಿನ ಅರ್ಥವೊಂದು, ವಸ್ತುವಿನ ಚರಿತ್ರೆಯೊಂದು. ವೃತ್ತವನ್ನು ವೃತ್ತವಾಗಿಯೇ ತಿಳಿಸಿ ಅಭಿಮತವನ್ನು ಬೇರೆಡೆಗೆ ಇಡಬೇಕೆಂಬ ವಿಧಿ ಪತ್ರಿಕೆಯೊಡನೆ ಹುಟ್ಟಿದ್ದಲ್ಲ. ಅದು ನಿಧಾನವಾಗಿ, ಅನೇಕ ಪೆಟ್ಟುಗಳನ್ನು ತಿಂದ ಮೇಲೆ ರೂಪುಗೊಂಡದ್ದು.

ಈ ವಿಧಿಯ ಬಲಾಬಲವನ್ನು ಪರೀಕ್ಷಿಸುವುದಕ್ಕೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗನಿಗೆ ಇರುವ ಅನುಕೂಲ ಊರಿನಲ್ಲಿಯೇ ಉಳಿದ ಕನ್ನಡಿಗನಿಗೆ ಇಲ್ಲ. ಇವನು ನೆರೆಹೊರೆಯ ಭಾಷೆಯಾದ ಮರಾಠಿಯ ಪತ್ರಿಕೆಯನ್ನೂ ಮನೆಮಾತಿನ ಪತ್ರಿಕೆಯನ್ನೂ ಓದಬಲ್ಲನು. ನವೆಂಬರ್ ೧ನೆಯ ತಾರೀಖಿನಂದು ಬೆಳಗಾವಿಯಲ್ಲಿ ಎರಡು ಮೆರವಣಿಗೆಗಳು ಹೊರಡುವುದುಂಟು. ಒಂದು ಕನ್ನಡ ರಾಜ್ಯೋತ್ಸವದ್ದು. ಇನ್ನೊಂದು ಮಹಾರಾಷ್ಟ್ರ ಏಕೀಕರಣ ಸಮಿತಿಯು ‘ಕಾಳಾ ದಿವಸ’ವೆಂದು ಆಚರಿಸುವುದು. ಊರು ಒಂದೇ, ದಿನವೂ ಒಂದೇ. ಈ ಬಗೆಯ ಪ್ರಸಂಗದಲ್ಲಿ ಯಾವ ಮೆರವಣಿಗೆ ಮೊದಲ ಪುಟಕ್ಕೆ ಬಂತು, ಯಾವುದು ಒಳಪುಟದ ನಾಲ್ಕು ಸಾಲಿಗೆ ಇಳಿಯಿತು ಎಂಬುದನ್ನು ನೋಡಿದರೆ ಸಾಕು, ಸಂಪಾದಕೀಯವನ್ನು ಓದದೆಯೇ ಪತ್ರಿಕೆಯ ಮನಸ್ಸು ತಿಳಿಯುತ್ತದೆ. ಎರಡೂ ವರದಿಗಳಲ್ಲಿ ಸುಳ್ಳು ಒಂದೂ ಇಲ್ಲದಿರಬಹುದು. ವಾರ್ತೆಯೊಳಕ್ಕೆ ಅಭಿಮತವು ಸುಳ್ಳಿನ ರೂಪದಲ್ಲಿಯೇ ಬರಬೇಕೆಂಬ ನಿಯಮವಿಲ್ಲ. ಅದು ಆಯ್ಕೆಯಲ್ಲಿ, ಹೆಸರಿನಲ್ಲಿ, ಅಂಕಿಯಲ್ಲಿ, ಕೊನೆಗೆ ಕ್ರಿಯಾಪದದ ಪ್ರತ್ಯಯದಲ್ಲಿಯೂ ಅಡಗಿ ಬರುವುದು. ಅದರ ಬೆಲೆಯನ್ನು ಹೆಚ್ಚಾಗಿ ತೆತ್ತವರು ಎರಡು ಭಾಷೆಗಳ ನಡುವೆ ಬಾಳುವ ಜನ. ಪ್ರಕೃತ ಲೇಖನದ ವಿಷಯ ಇದೇ.

೨

ಮುಂಬಯಿಯ ದೇಶಭಾಷಾ ಪತ್ರಿಕೋದ್ಯಮ ಕನ್ನಡದ್ದಕ್ಕಿಂತ ಸ್ವಲ್ಪ ಹಿರಿದು. ಗುಜರಾತಿಯ ‘ಮುಂಬಯಿ ಸಮಾಚಾರ’ ೧೮೨೨ರಲ್ಲಿ ಹುಟ್ಟಿತು. ೧೮೩೨ರ ಜನವರಿ ೬ರಂದು ಬಾಳಶಾಸ್ತ್ರಿ ಜಾಂಭೇಕರರು ‘ದರ್ಪಣ’ವನ್ನು ಹೊರಡಿಸಿದರು. ಅದರಲ್ಲಿ ಇಂಗ್ಲಿಷು, ಮರಾಠಿಗಳೆರಡೂ ಅಕ್ಕಪಕ್ಕದ ಅಂಕಣಗಳಲ್ಲಿ ಅಚ್ಚಾಗುತ್ತಿದ್ದವು. ಆಳುವವರ ಭಾಷೆ, ಆಳಿಸಿಕೊಳ್ಳುವವರ ಭಾಷೆಗಳನ್ನು ಒಂದೇ ಹಾಳೆಯಲ್ಲಿ ಎದುರುಬದುರಾಗಿ ಇಟ್ಟದ್ದು ಒಂದು ವಿಶೇಷ. ಹನ್ನೊಂದು ವರ್ಷಗಳ ಅನಂತರ, ೧೮೪೩ರ ಜುಲೈ ೧ರಂದು, ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಕಲ್ಲಚ್ಚಿನ ‘ಮಂಗಳೂರು ಸಮಾಚಾರ’ವನ್ನು ಆರಂಭಿಸಿದರು. ಪಕ್ಷಕ್ಕೊಮ್ಮೆ ಬರುತ್ತಿದ್ದ ಈ ಪತ್ರಿಕೆಯೇ ಕನ್ನಡದ ಮೊದಲನೆಯದು; ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರು ತಾಳಿತು. ಅದರಲ್ಲಿ ಊರ ವರ್ತಮಾನ, ಸರಕಾರದ ನಿರೂಪಗಳು, ಪರರಾಜ್ಯಗಳ ವರ್ತಮಾನ, ಸುಬುದ್ಧಿಯ ಮಾತು, ಕಥೆ ಎಂದು ಬೇರೆ ಬೇರೆ ವಿಭಾಗಗಳಿದ್ದವು. ವಾರ್ತೆಗೊಂದು ಮನೆ, ಬೋಧನೆಗೊಂದು ಮನೆ ಎಂಬ ವಿಂಗಡಣೆ ಹೀಗೆ ಕನ್ನಡದ ಮೊದಲ ಪತ್ರಿಕೆಯಲ್ಲಿಯೇ ಕಾಣುತ್ತದೆ. ಆದರೂ ಅದು ಮಿಷನರಿಗಳ ಪತ್ರಿಕೆ. ಯಾವ ವರ್ತಮಾನವನ್ನು ಆರಿಸಬೇಕೆಂಬ ತೀರ್ಮಾನ ಅವರ ಕೈಯಲ್ಲಿಯೇ ಇತ್ತು. ಪುಟವನ್ನು ವಿಂಗಡಿಸಿದ ಮಾತ್ರಕ್ಕೆ ಮನಸ್ಸು ವಿಂಗಡವಾಗುವುದಿಲ್ಲ.

ಮುಂದಿನ ಅರ್ಧ ಶತಮಾನದ ಪತ್ರಿಕೆಗಳು, ಮರಾಠಿಯವಾಗಲಿ ಕನ್ನಡದವಾಗಲಿ, ವಾರ್ತೆಯನ್ನು ತಿಳಿಸುವುದಕ್ಕಿಂತ ಹೆಚ್ಚಾಗಿ ಜನರನ್ನು ಎಚ್ಚರಿಸುವುದಕ್ಕಾಗಿ ಹುಟ್ಟಿದವು. ಬೋರಿಬಂದರದಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ೧೮೫೩ರ ಏಪ್ರಿಲ್ ೧೬ರಂದು ಓಡಿತು. ಮರುವರ್ಷವೇ ಹಳಿ ಕಲ್ಯಾಣವನ್ನು ಮುಟ್ಟಿತು. ರೈಲು ಬಂದ ಹದಿಮೂರು ವರ್ಷಗಳಲ್ಲಿ, ೧೮೬೬ರಲ್ಲಿ, ಥಾಣೆಯಿಂದ ಕಾಶೀನಾಥ ವಿಷ್ಣು ಫಡಕೆಯವರ ‘ಅರುಣೋದಯ’ ಹೊರಟಿತು. ‘ಅರುಣೋದಯ’, ಧಾರವಾಡದ ‘ಚಂದ್ರೋದಯ’ ಮೊದಲಾದ ಹೆಸರುಗಳೇ ಆ ಕಾಲದ ಪತ್ರಿಕಾಕರ್ತರ ಆಶಯವನ್ನು ಸಾರುತ್ತವೆ: ಕತ್ತಲೆ ಕಳೆಯಬೇಕು, ಬೆಳಕು ಹರಿಯಬೇಕು. ಬೆಳಕು ಹರಿಸಲು ಹೊರಟವನಿಗೆ ಅಭಿಮತವನ್ನು ಬದಿಗಿಡೆಂದು ಹೇಳುವುದು ಆ ಕಾಲಕ್ಕೆ ಅಸಂಗತವಾಗಿ ತೋರುತ್ತಿತ್ತು.

ಸರಕಾರವೂ ಇವುಗಳನ್ನು ಅಭಿಮತಕ್ಕಾಗಿಯೇ ಓದುತ್ತಿತ್ತು. ಮುಂಬಯಿ ಇಲಾಖೆಯ ಸರಕಾರ ದೇಶಭಾಷೆಯ ಪತ್ರಿಕೆಗಳ ಸಾರವನ್ನು ಇಂಗ್ಲಿಷಿನಲ್ಲಿ ಸಂಗ್ರಹಿಸಿ ಪ್ರತಿವಾರವೂ ಗುಪ್ತವಾಗಿ ಅಚ್ಚುಮಾಡಿಸುತ್ತಿತ್ತು. ಆಗ ಥಾಣೆಯೂ ಧಾರವಾಡವೂ ಒಂದೇ ಇಲಾಖೆಯವು. ಮರಾಠಿ ಪತ್ರಿಕೆಯ ದೂರೂ ಕನ್ನಡ ಪತ್ರಿಕೆಯ ದೂರೂ ಒಂದೇ ವರದಿಯಲ್ಲಿ ಸೇರುತ್ತಿದ್ದವು. ಅಧಿಕಾರಿಗಳಿಗೆ ಮಳೆ ಬಿತ್ತೇ ಬರ ಬಂತೇ ಎಂಬುದಕ್ಕಿಂತ ಪತ್ರಿಕೆಯ ಧ್ವನಿ ಏನು ಎಂಬುದು ಮುಖ್ಯ. ೧೮೭೮ರಲ್ಲಿ ಲಿಟನ್ ಪ್ರಭುವಿನ ಕಾಲದಲ್ಲಿ ಬಂದ ದೇಶಭಾಷಾ ಪತ್ರಿಕೆಗಳ ಕಾಯಿದೆ ಈ ಧ್ವನಿಯನ್ನೇ ಹಿಡಿದು ಶಿಕ್ಷಿಸಲು ಹೊರಟಿತು. ರಿಪನ್ನನ ಕಾಲದಲ್ಲಿ ಅದು ರದ್ದಾಯಿತು. ಅಭಿಮತಕ್ಕೆ ಶಿಕ್ಷೆಯಾಗುವಲ್ಲಿ ಅಭಿಮತ ಹೇಳುವುದೇ ಧೈರ್ಯದ ಲಕ್ಷಣವೆನಿಸಿತು. ೧೯೦೮ರಲ್ಲಿ ‘ಕೇಸರಿ’ಯ ಲೇಖನಗಳಿಗಾಗಿ ತಿಲಕರಿಗೆ ಆರು ವರ್ಷಗಳ ಗಡೀಪಾರಾಯಿತು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ ಪತ್ರಿಕಾ ನಿರ್ಬಂಧದ ಶಾಸನ ಬಂದಾಗ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನೆಯಾಗಿ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ವಾರ್ತೆಯಲ್ಲಿ ಅಭಿಮತ ಬೆರೆಯಬಾರದೆಂಬ ಇಂದಿನ ಮಾತನ್ನು ಆ ಪತ್ರಿಕೆಗಳಿಗೆ ಅನ್ವಯಿಸುವವರು ಈ ಸಂದರ್ಭವನ್ನು ಮರೆಯಲಾಗದು.

೩

ಆದರೆ ಅದೇ ಯುಗದಲ್ಲಿ, ಥಾಣೆಯಲ್ಲಿಯೇ, ಈ ಬೆರಕೆಯ ಇನ್ನೊಂದು ಮುಖವೂ ಗೋಚರಿಸಿತು. ಥಾಣೆಯ ಮರಾಠಿ ವಾರಪತ್ರಿಕೆ ‘ಹಿಂದೂ ಪಂಚ್’ ವಿನೋದಕ್ಕೂ ಚುಚ್ಚುಮಾತಿಗೂ ಹೆಸರಾಗಿತ್ತು. ತಿಲಕರ ಶಿಕ್ಷೆಯ ಅನಂತರ ಜನರ ಸಂಕಟ ತೀವ್ರವಾಗಿದ್ದಾಗ, ಸರಕಾರದ ಈ ಕ್ರಮದ ಹಿಂದೆ ಗೋಪಾಲ ಕೃಷ್ಣ ಗೋಖಲೆಯವರ ಕೈಯಿದೆಯೆಂಬ ಅರ್ಥ ಬರುವ ಬರೆಹ ಆ ಪತ್ರಿಕೆಯಲ್ಲಿ ಅಚ್ಚಾಯಿತು. ಗೋಖಲೆಯವರು ಮಾನನಷ್ಟದ ದಾವೆ ಹೂಡಿ ೧೯೦೯ರಲ್ಲಿ ಗೆದ್ದರು. ಇಲ್ಲಿ ಶಿಕ್ಷೆ ಕೊಡಿಸಿದವರು ಸ್ವದೇಶದ ಒಬ್ಬ ನಾಯಕರು. ಶಿಕ್ಷೆಗೆ ಕಾರಣ ಅಭಿಮತದ ಉಗ್ರತೆಗಿಂತ ಹೆಚ್ಚಾಗಿ, ಊಹೆಯು ಸಂಗತಿಯ ವೇಷ ಧರಿಸಿ ಬಂದದ್ದು. ಗೋಖಲೆಯವರ ಮಂದನೀತಿ ದೇಶಕ್ಕೆ ಹಾನಿಕರವೆಂದು ಬರೆದಿದ್ದರೆ ಅದು ಚರ್ಚೆಯಾಗುತ್ತಿತ್ತು. ಅವರು ಇಂಥ ಕೆಲಸವನ್ನು ಮಾಡಿದರೆಂದು ಸೂಚಿಸಿದರೆ ಅದು ಸಾಕ್ಷ್ಯವನ್ನು ಬೇಡುತ್ತದೆ. ಈ ಎರಡರ ನಡುವಣ ಗೆರೆ ನ್ಯಾಯಾಲಯದಲ್ಲಿ ಕಂಡಷ್ಟು ಸ್ಪಷ್ಟವಾಗಿ ಪತ್ರಿಕಾಲಯಗಳಲ್ಲಿ ಆಗಿನ್ನೂ ಕಂಡಿರಲಿಲ್ಲ.

ಆ ಗೆರೆಯನ್ನು ಪತ್ರಿಕಾಲಯಕ್ಕೆ ತಂದದ್ದು ನೀತಿಬೋಧೆಗಿಂತ ಹೆಚ್ಚಾಗಿ ತಂತಿ. ‘ಅರುಣೋದಯ’ ಹುಟ್ಟಿದ ೧೮೬೬ರಲ್ಲಿಯೇ ರಾಯಿಟರ್ ಸಂಸ್ಥೆಯ ಕಚೇರಿ ಮುಂಬಯಿಯಲ್ಲಿ ತೆರೆಯಿತು. ತಂತಿಯ ಸಮಾಚಾರವನ್ನು ಒಬ್ಬನೇ ಕೊಳ್ಳುವುದಿಲ್ಲ. ಸರಕಾರದ ಪರವಾದ ಪತ್ರಿಕೆಯೂ ವಿರೋಧಿ ಪತ್ರಿಕೆಯೂ ಹತ್ತಿಯ ವ್ಯಾಪಾರಿಯೂ ಅದನ್ನೇ ಕೊಳ್ಳುತ್ತಾರೆ. ಎಲ್ಲರಿಗೂ ಮಾರಬೇಕಾದ ಸರಕಿನಲ್ಲಿ ಒಬ್ಬನ ರುಚಿಯನ್ನು ಬೆರೆಸಲಾಗದು. ಜತೆಗೆ ಪ್ರತಿ ಪದಕ್ಕೂ ಕಾಸು ತೆರಬೇಕಾದ್ದರಿಂದ ಅಲಂಕಾರ ತಾನಾಗಿಯೇ ಉದುರಿತು. ಎಲ್ಲಿ, ಯಾವಾಗ, ಯಾರು, ಏನು ಎಂಬಷ್ಟೇ ಉಳಿಯಿತು. ಅಮೆರಿಕದಲ್ಲಿ ೧೮೪೬ರಲ್ಲಿ ಪತ್ರಿಕೆಗಳು ಸೇರಿ ಕಟ್ಟಿದ ಅಸೋಸಿಯೇಟೆಡ್ ಪ್ರೆಸ್ಸಿನ ಚರಿತ್ರೆಯೂ ಇಂಥದೇ. ಹಾಗೆಂದು ತಂತಿಯು ನಿಷ್ಕಳಂಕವಾಗಿರಲಿಲ್ಲ. ರಾಯಿಟರಿಗೂ ಬ್ರಿಟಿಷ್ ಸಾಮ್ರಾಜ್ಯಕ್ಕೂ ಇದ್ದ ನಂಟನ್ನು ಇತಿಹಾಸಕಾರರು ಗುರುತಿಸಿದ್ದಾರೆ. ಈ ಕಾರಣದಿಂದಲೇ ಸ್ವತಂತ್ರ ಭಾರತದ ಪತ್ರಿಕೆಗಳು ತಮ್ಮದೇ ಆದ ಪ್ರೆಸ್ ಟ್ರಸ್ಟ್ ಆಫ್ ಇಂಡಿಯಾವನ್ನು ಕಟ್ಟಿಕೊಂಡವು. ಅದು ೧೯೪೯ರಲ್ಲಿ ಕೆಲಸಕ್ಕಿಳಿಯಿತು.

ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಈ ವಿಧಿ ಸಿದ್ಧಾಂತದ ರೂಪ ತಾಳಿತು. ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಪತ್ರಿಕೆಗೆ ನೂರು ವರ್ಷ ತುಂಬಿದ ೧೯೨೧ರಲ್ಲಿ ಅದರ ಸಂಪಾದಕ ಸಿ. ಪಿ. ಸ್ಕಾಟರು, ಟೀಕೆ ಮಾಡಲು ಎಲ್ಲರಿಗೂ ಸ್ವಾತಂತ್ರ್ಯವುಂಟು, ಆದರೆ ಸಂಗತಿಗಳು ಪವಿತ್ರವಾದುವು ಎಂಬ ಆಶಯದ ಮಾತನ್ನು ಬರೆದರು. ಅದಕ್ಕೆ ಒಂದು ವರ್ಷ ಮುಂಚೆ, ೧೯೨೦ರಲ್ಲಿ, ಅಮೆರಿಕದ ವಾಲ್ಟರ್ ಲಿಪ್‌ಮನ್, ಚಾರ್ಲ್ಸ್ ಮರ್ಟ್ಸ್ ಎಂಬಿಬ್ಬರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ರಶಿಯದ ಕ್ರಾಂತಿಯನ್ನು ವರದಿಮಾಡಿದ ಬಗೆಯನ್ನು ಸಂಚಿಕೆ ಸಂಚಿಕೆಯಾಗಿ ಪರೀಕ್ಷಿಸಿದರು. ಬೊಲ್ಶೆವಿಕ್ ಸರಕಾರ ಇನ್ನೇನು ಬಿದ್ದೇಹೋಯಿತು ಎಂಬ ಅರ್ಥದ ವಾರ್ತೆ ೯೧ ಸಲ ಬಂದಿತ್ತೆಂದು ಅವರು ಎಣಿಸಿ ತೋರಿಸಿದರು. ವರದಿಗಾರರು ಬೇಕೆಂದು ಸುಳ್ಳು ಬರೆದರೆಂದು ಅವರು ಹೇಳಲಿಲ್ಲ. ತಾವು ಆಶಿಸಿದ್ದನ್ನೇ ಅವರು ಕಂಡರು, ಕಂಡದ್ದನ್ನು ಬರೆದರು. ಬಯಕೆಯು ಕಣ್ಣಿನ ಕೆಲಸವನ್ನು ಮಾಡಿತು.

ಕನ್ನಡದಲ್ಲಿ ಇದೇ ಕಾಲಕ್ಕೆ ಪತ್ರಿಕಾಧರ್ಮದ ಆಲೋಚನೆ ತಲೆಯೆತ್ತಿತು. ೧೯೧೩ರಲ್ಲಿ ಬೆಂಗಳೂರಿನಿಂದ ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿದ್ದ ಡಿ. ವಿ. ಗುಂಡಪ್ಪನವರು ೧೯೨೮ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಿಕಾಕರ್ತರ ಸಮ್ಮೇಳನದ ಅಧ್ಯಕ್ಷರಾಗಿದ್ದರು. ‘ವೃತ್ತಪತ್ರಿಕೆ’ ಎಂಬ ಹೆಸರಿನಲ್ಲಿಯೇ ಗ್ರಂಥವೊಂದನ್ನು ರಚಿಸಿದರು. ಮೈಸೂರಿನ ಪತ್ರಿಕಾಕರ್ತರೊಬ್ಬರು ಆಗ ಮುಂಬಯಿ ಇಲಾಖೆಗೆ ಸೇರಿದ್ದ ಬಾಗಲಕೋಟೆಗೆ ಬಂದು ಅಧ್ಯಕ್ಷತೆ ವಹಿಸಿದ್ದು, ಹಂಚಿಹೋಗಿದ್ದ ಕನ್ನಡನಾಡಿನಲ್ಲಿ ಪತ್ರಿಕೆಗಳೇ ಸೇತುವೆಯಾಗಿದ್ದುದಕ್ಕೆ ನಿದರ್ಶನ.

೪

ಸೇತುವೆಯಾದ ಪತ್ರಿಕೆ ಗೋಡೆಯೂ ಆಗಬಲ್ಲದು. ಏಕೀಕರಣದ ಹೋರಾಟದಲ್ಲಿ ಕನ್ನಡ ಪತ್ರಿಕೆಗಳ ಪಾತ್ರ ದೊಡ್ಡದು. ಬೆಳಗಾವಿಯಲ್ಲಿ ಹುಟ್ಟಿ ಮುಂದೆ ಹುಬ್ಬಳ್ಳಿಯಲ್ಲಿ ನೆಲೆನಿಂತ ‘ಸಂಯುಕ್ತ ಕರ್ನಾಟಕ’ದ ಹೆಸರೇ ಒಂದು ಅಭಿಮತ. ಅದೇ ಬೆಳಗಾವಿಯಲ್ಲಿ ಬಾಬೂರಾವ್ ಠಾಕೂರರು ೧೯೧೯ರಲ್ಲಿ ಸ್ಥಾಪಿಸಿದ್ದ ಮರಾಠಿಯ ‘ತರುಣ ಭಾರತ’ ಊರು ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಪಕ್ಷವನ್ನು ಹಿಡಿಯಿತು. ಮುಂಬಯಿಯಲ್ಲಿ ೧೯೫೬ರ ನವೆಂಬರಿನಲ್ಲಿ ಆಚಾರ್ಯ ಅತ್ರೆಯವರು ‘ಮರಾಠಾ’ ದಿನಪತ್ರಿಕೆಯನ್ನು ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಹಳೆಯಾಗಿಯೇ ಆರಂಭಿಸಿದರು. ಎರಡು ಕಡೆಯ ಪತ್ರಿಕಾಕರ್ತರ ದೀಕ್ಷೆಯ ಮೂಲ ಬಹುಮಟ್ಟಿಗೆ ಒಂದೇ. ಧಾರವಾಡದ ಕಡೆಯ ಮುಂದಾಳುಗಳು ‘ಕೇಸರಿ’ಯನ್ನು ಓದಿ ಬೆಳೆದವರು, ಕರ್ನಾಟಕ ಏಕೀಕರಣದ ಹಿರಿಯರಾದ ಆಲೂರ ವೆಂಕಟರಾಯರೇ ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಿಸಿದವರು.

ಇಂಥ ಪತ್ರಿಕೆಗಳನ್ನು ನಿಷ್ಪಕ್ಷವಲ್ಲವೆಂದು ದೂರುವುದು ಸುಲಭ, ಆದರೆ ನ್ಯಾಯವಲ್ಲ. ತನ್ನ ಪಕ್ಷವನ್ನು ತಲೆಬರಹದಲ್ಲಿಯೇ ಬರೆದುಕೊಂಡ ಪತ್ರಿಕೆ ಓದುಗನನ್ನು ವಂಚಿಸುವುದಿಲ್ಲ. ತೊಡಕು ಹುಟ್ಟುವುದು ಆ ಪಕ್ಷವು ವರದಿಯ ಒಳಕ್ಕೆ ಸದ್ದಿಲ್ಲದೆ ಇಳಿದಾಗ. ಇದಕ್ಕೆ ಗಡಿಯ ಪ್ರಕರಣದಲ್ಲಿ ಸಿಗುವಷ್ಟು ನಿದರ್ಶನಗಳು ಬೇರೆಡೆಗಳಲ್ಲಿ ಸಿಗವು.

ಮೊದಲನೆಯದು ಹೆಸರು. ಕನ್ನಡ ಪತ್ರಿಕೆಗಳ ಮಾತು ‘ಗಡಿ ವಿವಾದ’. ಕೆಲವೊಮ್ಮೆ ‘ಗಡಿ ತಂಟೆ’. ಮರಾಠಿ ಪತ್ರಿಕೆಗಳ ಮಾತು ‘ಸೀಮಾಪ್ರಶ್ನ’. ತಂಟೆಯೆಂದರೆ ಇತರರು ತೆಗೆದದ್ದು, ಮುಗಿಸಿಬಿಡಬೇಕಾದದ್ದು. ಪ್ರಶ್ನೆಯೆಂದರೆ ಉತ್ತರ ಸಿಗುವವರೆಗೂ ಉಳಿಯತಕ್ಕದ್ದು. ವರದಿಯ ಮೊದಲ ಪದದಲ್ಲಿಯೇ ತೀರ್ಪು ಕುಳಿತಿದೆ. ಕನ್ನಡದ ಬೆಳಗಾವಿ, ಮರಾಠಿಯ ಬೇಳಗಾವ, ಇಂಗ್ಲಿಷಿನ ಬೆಳಗಾಂ ಎಂಬ ಮೂರು ರೂಪಗಳು ಮೂಲತಃ ಉಚ್ಚಾರದ ಭೇದಗಳಾದರೂ, ೨೦೧೪ರ ನವೆಂಬರ್ ೧ರಂದು ಬೆಳಗಾವಿಯೆಂಬುದು ಅಧಿಕೃತವಾದ ಮೇಲೆ ಯಾವ ರೂಪವನ್ನು ಬರೆಯಬೇಕೆಂಬುದೂ ಪಕ್ಷದ ಗುರುತಾಯಿತು.

ಎರಡನೆಯದು ಅಂಕಿ. ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗವು ೧೯೬೭ರಲ್ಲಿ ವರದಿ ಸಲ್ಲಿಸಿತು. ಬೆಳಗಾವಿ ನಗರ ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕು. ನಿಪ್ಪಾಣಿಯೂ ಒಳಗೊಂಡು ೨೬೪ ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಬೇಕು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳ ಕಡೆಯ ೨೪೭ ಹಳ್ಳಿಗಳು ಮೈಸೂರಿಗೆ ಬರಬೇಕು. ಕಾಸರಗೋಡಿನ ಭಾಗವೂ ಮೈಸೂರಿಗೆ ಸೇರಬೇಕು ಎಂಬುದು ಅದರ ಸಲಹೆ. ಮಹಾರಾಷ್ಟ್ರವೂ ಕೇರಳವೂ ಇದನ್ನು ಒಪ್ಪಲಿಲ್ಲ. ಈಗ ಒಂದು ವರದಿ ೨೪೭ನ್ನು ಹೇಳಿ ೨೬೪ನ್ನು ಬಿಟ್ಟಿತೆನ್ನೋಣ. ಇನ್ನೊಂದು ಬೆಳಗಾವಿ ಸಿಗಲಿಲ್ಲವೆಂದು ಹೇಳಿ ನಿಪ್ಪಾಣಿ ಸಿಕ್ಕಿತೆಂಬುದನ್ನು ಬಿಟ್ಟಿತೆನ್ನೋಣ. ಎರಡರಲ್ಲಿಯೂ ಅಂಕಿ ತಪ್ಪಿಲ್ಲ, ವಿಶೇಷಣವಿಲ್ಲ, ನಿಂದೆಯಿಲ್ಲ. ಆದರೂ ಎರಡು ಮನೆಗಳಲ್ಲಿ ಎರಡು ಬೇರೆ ಬೇರೆ ಆಯೋಗಗಳು ವರದಿ ಕೊಟ್ಟಂತಾಯಿತು. ಮಹಾರಾಷ್ಟ್ರವು ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದ ಸುದ್ದಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ. ೨೦೨೨ರ ಡಿಸೆಂಬರಿನಲ್ಲಿ ಎರಡು ರಾಜ್ಯಗಳ ವಿಧಾನಮಂಡಲಗಳೂ ಒಂದೇ ವಾರದ ಅಂತರದಲ್ಲಿ ಪರಸ್ಪರ ವಿರುದ್ಧವಾದ ಗೊತ್ತುವಳಿಗಳನ್ನು ಅಂಗೀಕರಿಸಿದವು. ಅದೇ ತಿಂಗಳು ಬೆಳಗಾವಿಯ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು; ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಎರಡನ್ನೂ ಒಂದೇ ವರದಿಯಲ್ಲಿ ಓದಿದವನಿಗೆ ತಿಳಿದದ್ದು ಒಂದು ಬಗೆ. ಒಂದನ್ನೇ ಓದಿದವನಿಗೆ ತಿಳಿದದ್ದು ಇನ್ನೊಂದು ಬಗೆ.

೫

ಆಯ್ಕೆಯೇ ಅಭಿಮತವಾದ ಪ್ರಸಂಗಗಳಲ್ಲಿ ಮುಂಬಯಿ, ಥಾಣೆಗಳ ಕನ್ನಡಿಗರು ಮರೆಯಲಾಗದ್ದು ೧೯೬೦ರ ದಶಕದ್ದು. ಬಾಳ ಠಾಕರೆಯವರು ೧೯೬೦ರಲ್ಲಿ ವ್ಯಂಗ್ಯಚಿತ್ರಗಳ ವಾರಪತ್ರಿಕೆ ‘ಮಾರ್ಮಿಕ’ವನ್ನು ಹೊರಡಿಸಿದರು. ಮರಾಠಿ ತರುಣರಿಗೆ ಮುಂಬಯ��ಯಲ್ಲಿ ಉದ್ಯೋಗ ಸಿಗುತ್ತಿಲ್ಲವೆಂಬುದು ಅದರ ಮುಖ್ಯ ದೂರು. ದೂರನ್ನು ಸಮರ್ಥಿಸಲು ಅದು ಕಂಪನಿಗಳ, ಕಚೇರಿಗಳ ಅಧಿಕಾರಿಗಳ ಹೆಸರುಗಳನ್ನು ಪಟ್ಟಿಮಾಡಿ, ಓದಿ ಸುಮ್ಮನೆ ಕುಳಿತಿರಿ ಎಂಬ ಕುಟುಕಿನ ತಲೆಬರಹದ ಕೆಳಗೆ ಅಚ್ಚುಹಾಕಿತು. ಹೆಸರುಗಳಲ್ಲಿ ದಕ್ಷಿಣದವರವೇ ಹೆಚ್ಚು. ಟೆಲಿಫೋನ್ ಡೈರೆಕ್ಟರಿಯೂ ಇದಕ್ಕೆ ಆಕರವಾಗಿತ್ತು. ೧೯೬೬ರ ಜೂನ್ ೧೯ರಂದು ಶಿವಸೇನೆಯ ಸ್ಥಾಪನೆಯಾಯಿತು. ಅದೇ ಅಕ್ಟೋಬರ್ ೩೦ರಂದು ಶಿವಾಜಿ ಪಾರ್ಕಿನಲ್ಲಿ ನಡೆದ ಮೊದಲ ಸಭೆ ಮುಗಿದ ಮೇಲೆ ಚದುರಿದ ಗುಂಪು ದಾರಿಯಲ್ಲಿದ್ದ ದಕ್ಷಿಣದವರ ಹೋಟೆಲುಗಳ ಮೇಲೆ ಬಿತ್ತು. ೧೯೬೭ರಲ್ಲಿ ಥಾಣೆಯ ನಗರಸಭೆಯ ಚುನಾವಣೆಯಲ್ಲಿ ಪಕ್ಷಕ್ಕೆ ಮೊದಲ ಗೆಲುವು ದೊರೆಯಿತು. ೧೯೬೯ರ ಫೆಬ್ರವರಿಯಲ್ಲಿ ಗಡಿಯ ವಿಷಯವನ್ನೇ ಮುಂದಿಟ್ಟು ನಡೆದ ಚಳವಳಿಯಲ್ಲಿ ಮುಂಬಯಿ ಅನೇಕ ದಿನ ಹೊತ್ತಿ ಉರಿಯಿತು, ಜೀವಗಳು ಹೋದವು. ಉಡುಪಿಯ ಹೋಟೆಲಿನ ಮಾಣಿಗೂ ಗಡಿಗೂ ಏನೂ ಸಂಬಂಧವಿರಲಿಲ್ಲ. ಆದರೆ ಒಡೆದ ಗಾಜನ್ನು ಗುಡಿಸಿದವನು ಅವನು.

ವಾರ್ತಾಲೇಖನದ ದೃಷ್ಟಿಯಿಂದ ಆ ಪಟ್ಟಿಗಳನ್ನು ಪರಿಶೀಲಿಸುವುದು ಅಗತ್ಯ. ಪಟ್ಟಿಯಲ್ಲಿ ಇರುವುದು ಹೆಸರು ಮಾತ್ರ. ಡೈರೆಕ್ಟರಿಯನ್ನು ತೆರೆದರೆ ಯಾರಿಗಾದರೂ ಸಿಗುವ ಹೆಸರು. ತಲೆಬರಹವನ್ನು ತೆಗೆದುಬಿಟ್ಟರೆ ಅದರಷ್ಟು ನಿರ್ವಿಕಾರವಾದ ಬರೆಹ ಇನ್ನೊಂದಿಲ್ಲ. ಆದರೂ ಪಟ್ಟಿಯಲ್ಲಿ ಇಲ್ಲದ್ದು ಅನೇಕ. ಒಟ್ಟು ನೌಕರರು ಎಷ್ಟು? ಉಳಿದವರು ಯಾರು? ಆ ಹೆಸರಿನವನು ಮುಂಬಯಿಯಲ್ಲಿ ಎಷ್ಟನೆಯ ತಲೆಮಾರಿನವನು? ಗಿರಣಿ, ಬಂದರು, ಪೊಲೀಸು ಇಲಾಖೆಗಳ ಲೆಕ್ಕವೇನು? ಮರಾಠಿ ತರುಣರ ನಿರುದ್ಯೋಗದ ದೂರು ಚರ್ಚೆಗೆ ಅರ್ಹವಾಗಿತ್ತು. ಮೇರಿ ಕಾಟ್ಜೆನ್‌ಸ್ಟೈನ್, ದೀಪಂಕರ ಗುಪ್ತ ಮೊದಲಾದ ವಿದ್ವಾಂಸರು ಮುಂದೆ ಅದನ್ನು ಗ್ರಂಥರೂಪದಲ್ಲಿ ಚರ್ಚಿಸಿದ್ದಾರೆ. ಆದರೆ ಛೇದವಿಲ್ಲದ ಅಂಶವನ್ನು ಲೆಕ್ಕವೆಂದು ಒಪ್ಪಲಾಗದು. ಒಂದೊಂದೂ ನಿಜವಾದ ನೂರು ಸಂಗತಿಗಳನ್ನು ಪೋಣಿಸಿದ ದಾರ ಅಭಿಮತದ್ದಾಗಿರಬಹುದೆಂಬುದಕ್ಕೆ ಇದಕ್ಕಿಂತ ಬಲವಾದ ಉದಾಹರಣೆ ದುರ್ಲಭ.

ಆ ವರ್ಷಗಳಲ್ಲಿಯೇ ದೇಶದಲ್ಲಿ ಪತ್ರಿಕಾ ನಡತೆಯ ವಿಚಾರ ಸಂಸ್ಥೆಯ ರೂಪ ಪಡೆಯಿತೆಂಬುದನ್ನೂ ಗಮನಿಸತಕ್ಕದ್ದು. ನ್ಯಾಯಮೂರ್ತಿ ರಾಜಾಧ್ಯಕ್ಷರ ನೇತೃತ್ವದ ಪತ್ರಿಕಾ ಆಯೋಗವು ೧೯೫೪ರಲ್ಲಿ ಕೊಟ್ಟ ಸಲಹೆಯಂತೆ ಭಾರತೀಯ ಪತ್ರಿಕಾ ಮಂಡಲಿ ೧೯೬೬ರಲ್ಲಿ ಸ್ಥಾಪನೆಯಾಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ರದ್ದಾಗಿ ೧೯೭೮ರ ಕಾಯಿದೆಯಿಂದ ಅದು ಮರಳಿ ಬಂತು. ಊಹೆ, ಟೀಕೆ, ಸಂಗತಿ ಎಂಬ ಮೂರನ್ನು ಬೇರೆ ಬೇರೆಯಾಗಿ ತೋರಿಸಬೇಕು, ಊಹೆಯನ್ನಾಗಲಿ ಟೀಕೆಯನ್ನಾಗಲಿ ಸಂಗತಿಯ ಪೀಠಕ್ಕೆ ಏರಿಸಬಾರದು ಎಂಬುದು ಅದರ ನಡಾವಳಿಯ ಸೂತ್ರಗಳಲ್ಲಿ ಒಂದು. ‘ಹಿಂದೂ ಪಂಚ್’ ಪ್ರಕರಣದಲ್ಲಿ ಕಂಡ ಗೆರೆಯೇ ಇಲ್ಲಿ ಸೂತ್ರವಾಗಿ ನಿಂತಿದೆ. ಆದರೆ ಪಟ್ಟಿಯ ಪ್ರಕರಣಕ್ಕೆ ಈ ಸೂತ್ರ ಸಾಲದು. ಅಲ್ಲಿ ಊಹೆಯೂ ಇಲ್ಲ, ಟೀಕೆಯೂ ಇಲ್ಲ.

೬

ಕನ್ನಡದಲ್ಲಿ ಬರೆಯುವ ವರದಿಗಾರನಿಗೆ ಇಂಗ್ಲಿಷಿನವನಿಗಿಲ್ಲದ ಇನ್ನೊಂದು ಇಕ್ಕಟ್ಟೂ ಉಂಟು. ಅದು ವ್ಯಾಕರಣದ್ದು. ಇಂಗ್ಲಿಷಿನಲ್ಲಿ ಮಂತ್ರಿಯೂ ಕಳ್ಳನೂ ಒಂದೇ ಸರ್ವನಾಮದಲ್ಲಿ, ಒಂದೇ ಕ್ರಿಯಾಪದದಲ್ಲಿ ಅಡಗುತ್ತಾರೆ. ಕನ್ನಡದಲ್ಲಿ ಮಂತ್ರಿ ಬಂದರು, ಕಳ್ಳ ಬಂದನು. ಮರಾಠಿಯಲ್ಲಿಯೂ ಹೀಗೆಯೇ. ಪ್ರೆಸ್ ಟ್ರಸ್ಟಿನ ಇಂಗ್ಲಿಷ್ ವಾರ್ತೆಯನ್ನು ಅನುವಾದಿಸಲು ಕುಳಿತ ಉಪಸಂಪಾದಕ ಯಾರಿಗೆ ಬಹುವಚನ, ಯಾರಿಗೆ ಏಕವಚನ ಎಂದು ಪ್ರತಿ ವಾಕ್ಯದಲ್ಲಿಯೂ ನಿರ್ಣಯಿಸಬೇಕಾಗುತ್ತದೆ. ನಿನ್ನೆಯವರೆಗೆ ‘ಅವರು’ ಆಗಿದ್ದವನು ಬಂಧನವಾದ ಮರುದಿನ ‘ಆತ’ ಆಗುತ್ತಾನೆ. ನ್ಯಾಯಾಧೀಶರು ತೀರ್ಪು ಕೊಡುವುದಕ್ಕೆ ವರ್ಷಗಳು ಹಿಡಿಯಬಹುದು. ಪ್ರತ್ಯಯವು ಆ ರಾತ್ರಿಯೇ ತೀರ್ಪು ಕೊಟ್ಟಿರುತ್ತದೆ. ಅದೇ ಆರೋಪಕ್ಕೆ ಗುರಿಯಾದ ಸಿರಿವಂತನಿಗೆ ಬಹುವಚನವೇ ಉಳಿದರೆ ಅಭಿಮತ ಎರಡು ಪಟ್ಟಾಯಿತು.

ಇನ್ನೊಂದು ಕಡೆ, ಕೇಳಿದ್ದನ್ನು ಕಂಡದ್ದರಿಂದ ಬೇರ್ಪಡಿಸುವ ಶಕ್ತಿ ಕನ್ನಡಕ್ಕೆ ಹುಟ್ಟಿನಿಂದಲೇ ಬಂದಿದೆ. ಮಳೆ ಬಂತು, ಮಳೆ ಬಂತಂತೆ ಎಂಬ ಎರಡು ಮಾತುಗಳ ಅಂತರ ಹಳ್ಳಿಯ ಮಗುವಿಗೂ ಗೊತ್ತು. ‘ಅಂತೆ’ ಎಂಬ ಎರಡಕ್ಷರ, ತಾನು ಕಂಡಿಲ್ಲವೆಂಬ ಪ್ರಾಮಾಣಿಕ ನಿವೇದನೆ. ಬರೆಹದ ಕನ್ನಡ ಇದನ್ನು ಗ್ರಾಮ್ಯವೆಂದು ಬಿಟ್ಟು ಅದರ ಸ್ಥಾನದಲ್ಲಿ ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಹೇಳಲಾಗುತ್ತಿದೆ’ ಎಂಬ ಕರ್ಮಣಿ ಪ್ರಯೋಗಗಳನ್ನು ತಂದಿತು. ಯಾರು ಎಂದರು, ಯಾರಿಂದ ತಿಳಿಯಿತು ಎಂಬುದು ಇವುಗಳಲ್ಲಿ ಮಾಯವಾಗುತ್ತದೆ. ‘ಅಂತೆ’ಯಲ್ಲಿ ಕೇಳುಗನಿಗೆ ಸಂಶಯಿಸುವ ಅವಕಾಶವಿತ್ತು, ‘ಎನ್ನಲಾಗಿದೆ’ಯಲ್ಲಿ ಗಾಂಭೀರ್ಯವೇ ಪ್ರಮಾಣವಾಗುತ್ತದೆ. ವರದಿಗಾರನ ಸ್ವಂತ ಶಂಕೆಗೆ ಇಷ್ಟು ಸುಭದ್ರವಾದ ಮರೆ ಇನ್ನೊಂದಿಲ್ಲ. ಹಾಗೆಯೇ ಒಬ್ಬ ‘ಹೇಳಿದನು’, ಇನ್ನೊಬ್ಬ ‘ಒಪ್ಪಿಕೊಂಡನು’, ಮತ್ತೊಬ್ಬ ‘ಜಂಬ ಕೊಚ್ಚಿದನು’ ಎಂಬಲ್ಲಿ ಮೂವರೂ ಆಡಿದ ಮಾತು ಒಂದೇ ಆಗಿರಬಹುದು.

೭

ಪರರ ಪತ್ರಿಕೆಯಲ್ಲಿ ದೋಷವನ್ನು ಹುಡುಕುವ ದೃಷ್ಟಿ ಸ್ವಗೃಹದತ್ತಲೂ ತಿರುಗತಕ್ಕದ್ದು. ಮುಂಬಯಿ ಮತ್ತು ಅದರ ಉಪನಗರಗಳ ಕನ್ನಡ ಸಂಘಸಂಸ್ಥೆಗಳ ಸಮಾಚಾರವನ್ನು ಸಾಮಾನ್ಯವಾಗಿ ಬರೆದು ಕಳುಹುವವರು ಆಯಾ ಸಂಸ್ಥೆಗಳ ಕಾರ್ಯಕರ್ತರೇ. ಆ ಬರೆಹಗಳಲ್ಲಿ ಸಮಾರಂಭ ಯಾವಾಗಲೂ ವಿಜೃಂಭಣೆಯಿಂದ ಜರುಗುತ್ತದೆ, ಸಭೆ ಕಿಕ್ಕಿರಿದಿರುತ್ತದೆ, ಉಪನ್ಯಾಸ ವಿದ್ವತ್ಪೂರ್ಣವಾಗಿರುತ್ತದೆ, ಪ್ರೇಕ್ಷಕರು ಮಂತ್ರಮುಗ್ಧರಾಗಿರುತ್ತಾರೆ. ವೇದಿಕೆಯ ಮೇಲಿದ್ದವರ ಹೆಸರುಗಳು ಎರಡು ಕಂಡಿಕೆಗಳನ್ನು ತುಂಬಿದರೆ, ಉಪನ್ಯಾಸಕರು ಏನು ಹೇಳಿದರೆಂಬುದಕ್ಕೆ ಒಂದು ವಾಕ್ಯ. ಪರನಾಡಿನಲ್ಲಿ ದುಡಿದು, ಸಂಜೆಯ ಲೋಕಲ್ ಹಿಡಿದು ಬಂದು, ಬಿಡುವಿನ ಹೊತ್ತಿನಲ್ಲಿ ಸಂಘ ಕಟ್ಟಿದವರ ಸಂತೋಷ ಅದರಲ್ಲಿದೆಯೆಂಬುದು ನಿಜ. ಆದರೆ ಐವತ್ತು ವರ್ಷಗಳ ಅನಂತರ ಡೊಂಬಿವಲಿಯ, ಕಲ್ಯಾಣದ ಕನ್ನಡಿಗರ ಚರಿತ್ರೆಯನ್ನು ಬರೆಯಹೊರಡುವವನಿಗೆ ಮುಖ್ಯ ಆಕರ ಈ ಬರೆಹಗಳೇ. ಎಷ್ಟು ಜನ ಬಂದಿದ್ದರು, ಎಷ್ಟು ಮಕ್ಕಳು ಕನ್ನಡ ತರಗತಿಗೆ ಸೇರಿದರು, ಯಾವ ಭಾಷೆಯಲ್ಲಿ ನಿರೂಪಣೆ ನಡೆಯಿತು, ಎಷ್ಟು ಹಣ ಕೂಡಿತು, ಯಾವ ಭಿನ್ನಾಭಿಪ್ರಾಯ ಎದ್ದಿತು ಎಂಬುದೊಂದೂ ಅವನಿಗೆ ದೊರೆಯದು. ಹೊಗಳಿಕೆಯೂ ಅಭಿಮತವೇ, ಅದು ನಿಂದೆಯಷ್ಟೇ ನಿಶ್ಚಿತವಾಗಿ ಸಂಗತಿಯನ್ನು ಮುಚ್ಚಿಬಿಡುತ್ತದೆ.

ಅಭಿಮತವೇ ಬೇಡವೆಂಬುದು ಈ ಚರಿತ್ರೆಯ ಪಾಠವಲ್ಲ. ವೆಂಕಟಕೃಷ್ಣಯ್ಯನವರ ಪ್ರತಿಭಟನೆಯಿಲ್ಲದೆ, ತಿಲಕರ ಲೇಖನಿಯಿಲ್ಲದೆ, ಏಕೀಕರಣದ ಪತ್ರಿಕೆಗಳಿಲ್ಲದೆ ಈ ನಾಡಿನ ಸಾರ್ವಜನಿಕ ಜೀವನವೇ ಇರುತ್ತಿರಲಿಲ್ಲ. ಅವರು ತಮ್ಮ ಅಭಿಮತದ ಕೆಳಗೆ ತಮ್ಮ ಹೆಸರನ್ನು ಇಟ್ಟರು, ಬೆಲೆಯನ್ನೂ ತೆತ್ತರು. ವಾರ್ತೆಯಲ್ಲಿ ಅಡಗಿದ ಅಭಿಮತಕ್ಕೆ ಹೆಸರಿಲ್ಲ. ಅದರ ಬೆಲೆಯನ್ನು ತೆರುವವನು ಬೇರೊಬ್ಬ. ಆದುದರಿಂದ ವರದಿಗೆ ಸಲ್ಲುವ ಪರೀಕ್ಷೆಗಳು ಸರಳವಾದುವು: ಕಂಡದ್ದು ಯಾವುದು, ಕೇಳಿದ್ದು ಯಾವುದು, ಕೇಳಿದ್ದು ಯಾರಿಂದ, ಅಂಶದೊಡನೆ ಛೇದವಿದೆಯೇ, ಎರಡು ಕಡೆಗೂ ಒಂದೇ ಕ್ರಿಯಾಪದ, ಒಂದೇ ವಚನ ಬಳಕೆಯಾಗಿದೆಯೇ, ವರದಿಯಲ್ಲಿ ಹೆಸರಿಸಲ್ಪಟ್ಟವನು ಅದನ್ನು ಓದಿದರೆ, ಒಪ್ಪದಿದ್ದರೂ, ನಡೆದದ್ದು ಹೀಗೆಯೇ ಎಂದು ಹೇಳಬಲ್ಲನೇ.

ಕೊನೆಯ ಪರೀಕ್ಷೆಗೆ ಈ ಉಪನಗರಗಳ ಕನ್ನಡಿಗನೇ ತಕ್ಕ ಪರೀಕ್ಷಕ. ಬೆಳಗಾವಿಯಲ್ಲಿ ಒಂದು ಕಲ್ಲು ಬಿದ್ದರೆ ಅದರ ಕನ್ನಡ ವರದಿಯನ್ನೂ ಮರಾಠಿ ವರದಿಯನ್ನೂ ಒಂದೇ ಬೆಳಗ್ಗೆ ಓದಿ ತೂಗಬಲ್ಲವನು ಅವನು. ಆ ದಿನವೇ ಮರಾಠಿ ನೆರೆಯವನ ಪಕ್ಕದಲ್ಲಿ ನಿಂತು ರೈಲಿನಲ್ಲಿ ಪಯಣಿಸಬೇಕಾದವನೂ ಅವನೇ.